ಮನಸ್ಸೇ ತೀರ್ಪುಗಾರ

ಗಾಲ್ಫ್ ಲೀಗ್ ಪಂದ್ಯಗಳಿಗೆ ಹೊಸದಾಗಿ ಇಳಿಯುವ ಮಿತ್ರರೆ, ಈ ಆಟದಲ್ಲಿ ಸೀಟಿ ಊದುವವರು ನಿಮ್ಮ ಬೆನ್ನ ಹಿಂದೆ ಇರುವುದಿಲ್ಲ. ಲೆಕ್ಕವನ್ನೂ ದಂಡವನ್ನೂ ನೀವೇ ಒಪ್ಪಿ ಹೇಳಬೇಕು.

ಮೊದಲ ಸೂತ್ರವಿದು: ಚೆಂಡು ಬಿದ್ದಿರುವ ಹಾಗೆಯೇ ಹೊಡೆಯಿರಿ, ಕಾಲಿನಿಂದ ಸರಿಸಬೇಡಿ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳು ಸಲ್ಲವು. ಕಾಣೆಯಾದ ಚೆಂಡನ್ನು ಹುಡುಕಲು ಹಿಂದೆ 5 ನಿಮಿಷಗಳಿದ್ದವು; 2019ರಿಂದ 3 ಮಾತ್ರ. ಸಿಗದಿದ್ದರೆ ಒಂದು ಹೊಡೆತವನ್ನು ದಂಡವಾಗಿ ಸೇರಿಸಿಕೊಂಡು, ಹಿಂದೆ ಹೊಡೆದ ಸ್ಥಳದಿಂದಲೇ ಮತ್ತೆ ಆಡತಕ್ಕದ್ದು.

ಇನ್ನು ಮರ್ಯಾದೆಯ ಮಾತು. ಒಬ್ಬರು ಹೊಡೆಯುವಾಗ ಉಳಿದವರು ಅಲುಗದೆ ಮೌನವಾಗಿರಬೇಕು. ಚೆಂಡು ಯಾರ ಕಡೆಗಾದರೂ ಹಾರಿದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಲು ನಾಚಬೇಡಿ. ಕಿತ್ತುಬಂದ ಹುಲ್ಲುಹೆಂಟೆಯನ್ನು ಮತ್ತೆ ಕೂರಿಸಿ, ಮರಳುಗುಂಡಿಯಲ್ಲಿ ಮೂಡಿದ ಹೆಜ್ಜೆಗಳನ್ನು ಸಮಮಾಡಿ ಮುಂದೆ ನಡೆಯಿರಿ. ಹಿಂದೆ ಬರುವವರೂ ಆಟಗಾರರೆ.

1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಅವರು, ಬೇರಾರೂ ಕಾಣದಿದ್ದರೂ, ತಮ್ಮ ಚೆಂಡು ಅಲುಗಿತೆಂದು ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡರು. ಆಟ ಸರಿಸಮವಾಯಿತು, ಮರುಪಂದ್ಯದಲ್ಲಿ ಸೋತರು. ಆ ಒಂದು ಹೊಡೆತವಿಲ್ಲದಿದ್ದರೆ ಪ್ರಶಸ್ತಿ ಅವರದೇ ಆಗುತ್ತಿತ್ತು. ನಿಮ್ಮ ಲೆಕ್ಕದ ಚೀಟಿಗೆ ಸಹಿ ಹಾಕುವ ಮುನ್ನ ಅವರನ್ನೊಮ್ಮೆ ನೆನೆಯಿರಿ.