ಉಗುಳು ಬೇರೆ, ಕಫ ಬೇರೆ



ನಂಜನಗೂಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದ ಮನೆತನವೊಂದಕ್ಕೆ ಸೊಸೆಯಾಗಿ ಹೋದವರು ನಮ್ಮ ಸೋದರತ್ತೆ. ಮೂರು ವಾರಗಳಾದರೂ ಕೆಮ್ಮು ಬಿಡದಿರಲು ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯವರು ಕೈಗೊಂದು ಡಬ್ಬಿಯನ್ನು ಕೊಟ್ಟು, "ಇದರಲ್ಲಿ ಉಗುಳಿಕೊಂಡು ಬನ್ನಿ, ಅಮ್ಮ" ಎಂದರು. ಅತ್ತೆಯವರು ಹೇಳಿದಂತೆಯೇ ಮಾಡಿದರು. ಡಬ್ಬಿಯಲ್ಲಿದ್ದುದು ಬರಿಯ ಉಗುಳು. ಪರೀಕ್ಷೆಯಲ್ಲಿ ರೋಗವು ಕಾಣಲಿಲ್ಲ, ಕೆಮ್ಮೂ ನಿಲ್ಲಲಿಲ್ಲ. ತಿಂಗಳು ಕಳೆದ ಮೇಲೆ ಬೇರೊಬ್ಬ ವೈದ್ಯರು, "ಎದೆಯೊಳಗಿನಿಂದ ಕೆಮ್ಮಿ ತನ್ನಿ, ತಾಯಿ" ಎಂದರು. ಆಗ ಕ್ಷಯವೆಂದು ತಿಳಿಯಿತು. ಆರು ತಿಂಗಳು ಔಷಧಿಯನ್ನು ಸೇವಿಸಿ ಅತ್ತೆಯವರು ಗುಣಹೊಂದಿದರು. ಆದರೆ ಕಳೆದುಹೋದ ಆ ಒಂದು ತಿಂಗಳಿಗೆ ಕಾರಣವಾದುದು ಒಂದು ಮಾತು.

ಇಂಗ್ಲಿಷ್ ವೈದ್ಯಶಾಸ್ತ್ರದಲ್ಲಿ ಈ ಕ್ರಿಯೆಗೆ 'ಎಕ್ಸ್‌ಪೆಕ್ಟೊರೇಷನ್' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ 'ಎಕ್ಸ್' ಎಂದರೆ ಹೊರಕ್ಕೆ, 'ಪೆಕ್ಟಸ್' ಎಂದರೆ ಎದೆ. ಎದೆಯಿಂದ ಹೊರಕ್ಕೆ ಎಂಬುದೇ ಪದದ ತಿರುಳು. ಬಾಯಿಯ ಪ್ರಸ್ತಾಪವೇ ಅದರಲ್ಲಿಲ್ಲ. ನಾವು ಇದನ್ನು 'ಕಫೋತ್ಸಾರಣ' ಎನ್ನಬಹುದು. ಕಫವನ್ನು ಸಡಿಲಿಸಿ ಹೊರತರಲು ನೆರವಾಗುವ ಔಷಧಿಯು ಕಫೋತ್ಸಾರಕ. ಕೆಮ್ಮನ್ನೇ ಅಡಗಿಸುವ ಔಷಧಿಯು ಬೇರೆ. ಇವೆರಡನ್ನೂ 'ಕೆಮ್ಮಿನ ಔಷಧಿ' ಎಂಬ ಒಂದೇ ಹೆಸರಿನಿಂದ ಕೊಂಡು ತರುವುದು ಸರಿಯಲ್ಲ.

ಇಷ್ಟಕ್ಕೂ ನಮ್ಮ ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಬಾಯಲ್ಲಿ ಊರುವುದು ಉಗುಳು, ಮೂಗಿನಿಂದ ಇಳಿಯುವುದು ಸಿಂಬಳ, ಕೆಮ್ಮಿದಾಗ ಶ್ವಾಸಕೋಶದಿಂದ ಬರುವುದು ಕಫ. 1882ರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಕಂಡುಹಿಡಿದ ಕ್ಷಯದ ಕ್ರಿಮಿಯನ್ನು ಇಂದಿಗೂ ಮುಖ್ಯವಾಗಿ ಹುಡುಕುವುದು ಈ ಕಫದಲ್ಲಿಯೇ. ಈ ರೋಗವು ಅರಮನೆಯನ್ನೂ ಬಿಡಲಿಲ್ಲವೆಂಬುದಕ್ಕೆ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತ ಕ್ಷಯರೋಗದ ಆಸ್ಪತ್ರೆಯೇ ಸಾಕ್ಷಿ.

ಎರಡು ವಾರಕ್ಕೆ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆಯು ಅವಶ್ಯಕ. ಕಫದಲ್ಲಿ ರಕ್ತವು ಕಂಡರೆ ಒಂದು ದಿನವೂ ತಡೆಯಬಾರದು. ಮುಂಜಾನೆ ಎದ್ದೊಡನೆ ಬರುವ ಕಫವು ಪರೀಕ್ಷೆಗೆ ಉತ್ತಮ. ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಎರಡು ಮೂರು ಸಾರಿ ದೀರ್ಘವಾಗಿ ಉಸಿರನ್ನೆಳೆದು, ಎದೆಯಾಳದಿಂದ ಕೆಮ್ಮಬೇಕು. ಇತರರಿಂದ ದೂರವಾಗಿ, ಬಯಲಿನಲ್ಲಿ ಇದನ್ನು ಮಾಡಿ, ಡಬ್ಬಿಯ ಮುಚ್ಚಳವನ್ನು ಭದ್ರಪಡಿಸಬೇಕು.

ಮನೆಯ ಹಿರಿಯರ ಕೈಗೆ ಅಂಥ ಡಬ್ಬಿಯು ಬಂದಾಗ, ಓದು ಬಲ್ಲವರಾದ ನಾವು ಪಕ್ಕದಲ್ಲಿ ನಿಂತು, "ಉಗುಳಲ್ಲ, ಎದೆಯ ಕಫ" ಎಂದು ತಿಳಿಯಹೇಳೋಣ. ನಮ್ಮ ವಿದ್ಯೆಯಿಂದ ಅವರಿಗೆ ಅಷ್ಟಾದರೂ ಉಪಕಾರವಾಗಲಿ.