ಆಷಾಢದ ಮುಚ್ಚಳ

ದುದ್ದದ ನಮ್ಮ ಮನೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಇದೆ, ಅಜ್ಜಿಯ ಎಲೆ-ಅಡಿಕೆ ಪೆಟ್ಟಿಗೆ. ಆಷಾಢದ ಜಡಿಮಳೆಗೆ ಮುಚ್ಚಳ ಬಿಗಿದುಕೊಳ್ಳುತ್ತದೆ. ಶಿವರಾತ್ರಿ ಹೊತ್ತಿಗೆ ಸಲೀಸು. ಚಿಕ್ಕಂದಿನಲ್ಲಿ ಅದು ಕೆಟ್ಟಿದೆ ಅಂದುಕೊಂಡಿದ್ದೆ. ಊರಿನ ಆಚಾರ್ರು ನಕ್ಕರು: "ಕಡಿದ ಮೇಲೂ ಮರ ನೀರು ಕುಡಿಯುತ್ತೆ ಮಗಾ."

ನಿಜ. ಗಾಳಿಯ ತೇವಕ್ಕೆ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಬಲ್ಲವರು ಮುಚ್ಚಳಕ್ಕೂ ಅಂಚಿಗೂ ನಡುವೆ ಒಂದಿಷ್ಟು ಸಂದು ಬಿಡುತ್ತಾರೆ.

ಹಳೇಬೀಡು ನಮಗೆ ದೂರವೇನಲ್ಲ. ಅಲ್ಲಿನ ಗುಡಿಯ ಕೆತ್ತನೆಯ ಕಲ್ಲಿಗೆ ಈ ಹಿಗ್ಗುವ ಚಿಂತೆ ಇಲ್ಲ ನೋಡಿ! ಆ ಬಗೆಯ ನವಿರು ಬಳ್ಳಿ, ಸುರುಳಿಗಳನ್ನು ಸಾಗರ, ಸೊರಬದ ಗುಡಿಗಾರರು ಶ್ರೀಗಂಧದ ಪೆಟ್ಟಿಗೆಗಳ ಮೇಲೆ ಬಿಡಿಸುತ್ತಾರೆ. ಗಂಧದ ಎಳೆ ಬಲು ಒತ್ತು, ಹಾಗಾಗಿ ಸಣ್ಣ ಉಳಿಗೂ ಅದು ಚಕ್ಕೆ ಏಳದೆ ಒಲಿಯುತ್ತದೆ. ಪರಿಮಳವಿರುವುದು ಮರದ ಚೇಗಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ವಾಸನೆಯಿಲ್ಲ. ಮೈಸೂರಿನವರದು ಬೇರೆ ದಾರಿ. ಬೀಟೆಯನ್ನು ಕೊರೆದು, ಆ ಗುಳಿಗೆ ಬೇರೆ ಬಣ್ಣದ ಮರದ ತುಂಡು ಕೂರಿಸುತ್ತಾರೆ. ಹಿಂದೆ ಆನೆಯ ದಂತವನ್ನೂ ಕೂರಿಸುತ್ತಿದ್ದರು. ಅದು ನಿಂತದ್ದು ಒಳ್ಳೆಯದೇ ಆಯಿತು.

ನಮ್ಮ ಪೆಟ್ಟಿಗೆಯಲ್ಲಿ ಇಂಥ ಕುಸುರಿ ಏನೂ ಇಲ್ಲ. ಮುಚ್ಚಳದ ನಡುವೆ ಒಂದು ಕಮಲ, ಅದರ ಒಂದು ಎಸಳು ಕೊಂಚ ಓರೆ. ಹಳದಿಯಿದ್ದ ಮರ ಈಗ ಬೆಲ್ಲದ ಬಣ್ಣ. ಈ ಮಳೆಗೆ ಮತ್ತೆ ಬಿಗಿದು ಕೂತಿದೆ. ಒಳಗೆ ಅಜ್ಜಿಯ ಅಡಕತ್ತರಿ ಇದೆ; ದೀಪಾವಳಿವರೆಗೆ ಕಾಯುತ್ತೇನೆ.