ಗೋಣಿಯ ತುಂಡು

ವಿದ್ಯಾರ್ಥಿಯೊಬ್ಬನಿಗೆ ಶಾಲೆಯಲ್ಲಿ ‘ನಮ್ಮವರು, ಹೊರಗಿನವರು’ ಎಂಬ ವಿಷಯವಾಗಿ ಪ್ರಬಂಧವನ್ನು ಬರೆಯುವಂತೆ ಅಪ್ಪಣೆಯಾಗಿದ್ದಿತು. ಆತನು ಆಧಾರವಾಗಿ ಆರಿಸಿಕೊಂಡುದು ಡಾಕ್ಟರ್ ಅಂಬೇಡ್ಕರರ ಬಾಲ್ಯವೃತ್ತಾಂತವನ್ನು.

1891ರಲ್ಲಿ ಜನಿಸಿದ ಆ ಮಹನೀಯರು ಸಾತಾರೆಯ ಶಾಲೆಯಲ್ಲಿ ಓದುವಾಗ ಮೂಲೆಯಲ್ಲಿ ಒಬ್ಬರೇ ಕುಳ್ಳಿರಬೇಕಾಗಿದ್ದಿತು. ಆಸನವು ಒಂದು ಗೋಣಿಯ ತುಂಡು. ಶಾಲೆಯನ್ನು ಗುಡಿಸುವ ಸೇವಕನು ಅದನ್ನು ಮುಟ್ಟಲೊಲ್ಲನು. ಆದುದರಿಂದ ಬಾಲಕನೇ ಅದನ್ನು ಸಂಜೆ ಮನೆಗೊಯ್ದು ಮರುದಿನ ತರಬೇಕು. ಬಾಯಾರಿದರೆ ಗುರುಗಳ ಅನುಮತಿಯೊಂದೇ ಸಾಲದು, ಜವಾನನು ಬಂದು ನಲ್ಲಿಯನ್ನು ತಿರುಗಿಸಬೇಕು. ಜವಾನನಿಲ್ಲದಂದು ನೀರೂ ಇಲ್ಲ. ಮುಂದೆ ಸಂಸ್ಕೃತವನ್ನೋದಲು ಅವಕಾಶವು ದೊರೆಯದೆ ಅವರು ಪಾರಸಿಯನ್ನು ಓದಬೇಕಾಯಿತು. 1907ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಇದರಿಂದ ಗೀರ್ವಾಣವಾಣಿಗಾದ ನಷ್ಟವೇ ಹಿರಿದೆನ್ನಬೇಕು.

ವಿದ್ಯಾರ್ಥಿಯು ಕರುಣಾರಸವನ್ನು ತುಂಬಿ ನಾಲ್ಕು ಪುಟಗಳನ್ನು ಬರೆದನು. ಗುರುಗಳು ಮೆಚ್ಚಿದರು. ಆತನಿಗೇ ತೃಪ್ತಿಯಾಗಲಿಲ್ಲ. ಆ ತರಗತಿಯ ಉಳಿದ ಹುಡುಗರು ಎಲ್ಲಿ ಹೋದರು? ಅವರೆಲ್ಲರೂ ದುಷ್ಟರಾಗಿದ್ದಿರಲಾರರು, ಬಾಯಾರಿದಾಗ ಎದ್ದರು, ನೀರು ಕುಡಿದರು, ಮರಳಿ ಬಂದು ಕುಳಿತರು, ಅಷ್ಟೇ.

ಆಗ ಆತನಿಗೆ ತನ್ನ ತರಗತಿಯ ನೆನಪಾಯಿತು. ಪರಸ್ಥಳದಿಂದ ಬಂದ ಹುಡುಗನೊಬ್ಬನು ವರ್ಷವೆಲ್ಲ ಕೊನೆಯ ಬೆಂಚಿನಲ್ಲಿ ಒಬ್ಬನೇ ಕುಳಿತಿದ್ದನು. ಅಲ್ಲಿಯೇ ಕುಳ್ಳಿರೆಂದು ಅವನಿಗೆ ಯಾರೂ ವಿಧಿಸಿರಲಿಲ್ಲ. ಇಲ್ಲಿಗೆ ಬಾ ಎಂದೂ ಯಾರೂ ಕರೆದಿರಲಿಲ್ಲ. ಇದನ್ನೂ ಅಸ್ಪೃಶ್ಯತೆಯ ಘೋರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅದನ್ನು ವಿದ್ಯಾರ್ಥಿಯೂ ಬಲ್ಲನು.

ಮೆಚ್ಚುಗೆ ಪಡೆದ ನಾಲ್ಕು ಪುಟಗಳನ್ನು ಆತನು ಬದಿಗಿಟ್ಟನು. ಹೊಸ ಪ್ರಬಂಧವು ನಲ್ಲಿಯ ಬಳಿಯಲ್ಲಿ, ನೀರು ಕುಡಿದು ಬಾಯೊರಸಿಕೊಳ್ಳುತ್ತಿದ್ದ ಹುಡುಗನಿಂದ ಮೊದಲಾಗಿದ್ದಿತು.